ಎರಡನೇ ಅಡ್ಡತೊಲೆ

ಅಟ್ಟದ ನೆಲದಿಂದ ಅಡ್ಡತೊಲೆಯ ತಳಕ್ಕೆ ಐದು ಅಡಿ ಎರಡು ಇಂಚು. ಇದು ನನ್ನ ನೋಟ್‌ಬುಕ್ಕಿನಲ್ಲಿದೆ, ಹಾಗಾಗಿ ನಂಬಬಹುದು. ಮೊದಲ ದಿನ ಮೆಟ್ಟಿಲು ಹತ್ತಿ ಬಂದ ಕೂಡಲೇ ನನ್ನ ಹಣೆ ಆ ತೊಲೆಗೆ ಬಡಿಯಿತೆಂದು ಹಲವರಿಗೆ ಹೇಳಿದ್ದೇನೆ. ಅದು ನೋಟ್‌ಬುಕ್ಕಿನಲ್ಲಿಲ್ಲ. ಬಡಿದದ್ದು ನನಗೋ, ನನ್ನೆದುರು ಬೇರೆ ಯಾರಿಗೋ, ಈಗ ಖಚಿತವಾಗಿ ಹೇಳಲಾರೆ. ಎಲ್ಲಿ ಪುಸ್ತಕ ಹೇಳುತ್ತಿದೆ, ಎಲ್ಲಿ ನನ್ನ ನೆನಪು ಹೇಳುತ್ತಿದೆ ಎಂಬುದನ್ನು ಆದಷ್ಟು ಬೇರೆ ಮಾಡಿಯೇ ಬರೆಯುತ್ತೇನೆ. ಏಕೆಂದರೆ ಇಡೀ ಪ್ರಸಂಗ ನಿಂತಿರುವುದು ನಾನು ಫೋನಿನಲ್ಲಿ ಆಡಿದ ಒಂದು ಮಾತಿನ ಮೇಲೆ. ಅದನ್ನು ಯಾರೂ ಬರೆದಿಟ್ಟಿಲ್ಲ.

ಕಟ್ಟಡ ಸುಂಕದಕಟ್ಟೆಯಲ್ಲಿ, ಮಾಗಡಿ ರಸ್ತೆಯಿಂದ ಎರಡು ತಿರುವು ಒಳಗಿದೆ. ಸುತ್ತ ಹೊಲವಿದ್ದ ಕಾಲದಲ್ಲಿ ರೇಷ್ಮೆಹುಳು ಸಾಕಲೆಂದು ಕಟ್ಟಿಸಿದ್ದು. ಕೆಳಗೆ ಎತ್ತರದ ಹಜಾರ. ಅದರ ನಡುವೆ ಉದ್ದಕ್ಕೂ, ನಾಲ್ಕು ಅಡಿ ಅಂತರದಲ್ಲಿ, ಎರಡು ಸಾಲು ಕಲ್ಲುಕಂಬ. ಮೇಲೆ ಹಲಗೆ ನೆಲದ ಅಟ್ಟ. ಅದರ ಮೇಲೆ ಮರದ ಐದು ಟ್ರಸ್‌ಗಳು ಹೊತ್ತ ಮಂಗಳೂರು ಹೆಂಚು. ಮಾಲೀಕರು ಆ ಊರಿನ ಹಳೆಯ ಒಕ್ಕಲು ಮನೆಯವರು. ಹಜಾರದಲ್ಲಿ ಅವರ ಶಾಮಿಯಾನ ಅಂಗಡಿಯ ಕುರ್ಚಿ, ಕೊಳದಪ್ಪಲೆ, ಜಮಖಾನೆಗಳನ್ನು ಸೂರು ಮುಟ್ಟುವಂತೆ ಒಟ್ಟಿರುತ್ತಿದ್ದರು. ಅಟ್ಟವನ್ನು ಬಾಡಿಗೆಗೆ ಪಡೆದಿದ್ದ ಹೆಂಗಸು ವರ್ಷಗಟ್ಟಲೆ ಗಾರ್ಮೆಂಟ್ಸ್‌ನಲ್ಲಿ ದುಡಿದು, ಅದನ್ನು ಬಿಟ್ಟು, ಒಂಬತ್ತು ಮೆಷಿನ್ ಹಾಕಿ ಶಾಲೆಯ ಸಮವಸ್ತ್ರ ಹೊಲಿಸುತ್ತಿದ್ದರು.

ಆರ್ಡರ್ ಕೊಡುವ ಕಂಪನಿಯ ತಪಾಸಣೆಯವರು ಬಂದು, ನಡೆಯುವ ದಾರಿಯಲ್ಲಿ ಆರೂಕಾಲು ಅಡಿ ಹೆಡ್‌ರೂಮ್ ಇರಲೇಬೇಕು, ಬೆಂಕಿ ಬಿದ್ದು ಜನ ಓಡುವಾಗ ತಲೆ ಒಡೆದುಕೊಂಡಾರು ಎಂದು ಬರೆದು ಹೋಗಿದ್ದರು. ಎತ್ತರ ಮಾಡುವುದು ಹೇಗೆಂದು ಹೇಳಲು ಆಕೆ ಎಂಜಿನಿಯರಾದ ನನ್ನನ್ನು ಕರೆಸಿದ್ದರು.

“ಬಗ್ಗಿ ಬಗ್ಗಿ ನಮ್ ಹುಡ್ಗೀರಿಗೆ ಅಭ್ಯಾಸ ಆಗೋಗಿದೆ ಸಾರ್. ಬಸ್‌ಸ್ಟಾಪಲ್ಲೂ ಬಗ್ತಾರೆ,” ಎಂದು ಆಕೆ ನಕ್ಕರು. ಆಮೇಲೆ ನಗದೆ ಹೇಳಿದರು: “ಏಪ್ರಿಲ್ ಒಳಗೆ ಎತ್ತರ ಮಾಡ್ಸಿದ್ರೆ ಆರ್ಡರ್ ಕೊಡ್ತಾರಂತೆ. ಇಲ್ಲಾಂದ್ರೆ ಇದಕ್ಕೆ ಬಾಗ್ಲು ಹಾಕಿ ನಾವೆಲ್ಲ ಮತ್ತೆ ಫ್ಯಾಕ್ಟ್ರಿ ವ್ಯಾನ್ ಹತ್ತೋದೇ.”

ಕೆಲಸ ಮಾಡುವವರು ಆಕೆಯ ತಂದೆ. ಬಡಗಿ, ಸುತ್ತಲಿನವರೆಲ್ಲ ಆಚಾರ್ರೇ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಎಪ್ಪತ್ತರ ಹತ್ತಿರದ, ಒಣಕಲು ಮೈಯ ಮನುಷ್ಯ. ಮಗಳ ಕೆಲಸವೆಂದು ಬೇರೆ ಎಲ್ಲವನ್ನೂ ಬಿಟ್ಟು ಬಂದಿದ್ದರು. ನಾನು ಟೇಪು ಬಿಚ್ಚುವ ಮೊದಲೇ ಅವರು ಐದೂ ಟ್ರಸ್‌ಗಳ ಕೆಳಗೆ ನಡೆದು, ಪ್ರತಿ ತೊಲೆಗೂ ಬೆರಳ ಗೆಣ್ಣಿನಿಂದ ತಟ್ಟಿ, ತಲೆ ವಾಲಿಸಿ ಕೇಳುತ್ತ ಬಂದರು. ಎರಡನೆಯದರ ಹತ್ತಿರ ನಿಂತರು.

“ಇದರ ಪಡುವಣ ತುದಿ ಬೊದ್ದಾಗಿದೆ ಸಾರ್, ಒಳಗೊಳಗೇ ಕೊಳೆತಿದೆ. ಸದ್ದು ಒಳಗೇ ಉಳ್ಕೊಳ್ತಾ ಇದೆ.”

ನಾನೂ ತಟ್ಟಿದೆ. ನನಗೆ ಏನೂ ವ್ಯತ್ಯಾಸ ತಿಳಿಯಲಿಲ್ಲ. ಆಮೇಲೆ ಬೈರಿಗೆ ಹಾಕಿ ನೋಡಿದಾಗ ಅದೇ ತುದಿಯಿಂದ ಕಪ್ಪು ಪುಡಿ ಬಂತು. ಇದು ಪುಸ್ತಕದಲ್ಲಿದೆ.

ಟ್ರಸ್ ಎಂದರೆ ಏನೆಂದು ಇಲ್ಲಿ ಹೇಳಿಬಿಡಬೇಕು. ಬಣ್ಣ ಬಳಿಯುವವರ ಎರಡು ಕಾಲಿನ ಏಣಿಯನ್ನು ನೋಡಿರುತ್ತೀರಿ. ಕಾಲುಗಳು ಅಗಲಿಕೊಳ್ಳದಂತೆ ನಡುವೆ ಒಂದು ಹಗ್ಗ ಕಟ್ಟಿರುತ್ತಾರೆ. ಟ್ರಸ್‌ನ ಎರಡು ಓರೆ ತೊಲೆಗಳು ಆ ಕಾಲುಗಳು, ಕೆಳಗಿನ ಅಡ್ಡತೊಲೆ ಆ ಹಗ್ಗ. ನೋಡುವವರಿಗೆ ಅದು ಸುಮ್ಮನೆ ಅಡ್ಡ ಮಲಗಿದಂತೆ ಕಾಣುತ್ತದೆ. ನಿಜದಲ್ಲಿ ಹೆಂಚಿನ ಭಾರವೆಲ್ಲ ಅದನ್ನು ಎರಡೂ ಕಡೆಗೆ ಎಳೆಯುತ್ತಿರುತ್ತದೆ. ಅದು ಹೋದರೆ ಓರೆ ತೊಲೆಗಳು ಗೋಡೆಗಳನ್ನು ಹೊರಕ್ಕೆ ತಳ್ಳುತ್ತವೆ.

ಎತ್ತರ ಪಡೆಯಲು ದಾರಿ ಎರಡು: ಅಡ್ಡತೊಲೆಯನ್ನು ಮೇಲೇರಿಸುವುದು, ಇಲ್ಲವೇ ನೆಲವನ್ನು ಇಳಿಸುವುದು. ನೆಲದ ಮಾತೆತ್ತಿದ ಕೂಡಲೇ ಮಾಲೀಕರು ತಲೆ ಅಲ್ಲಾಡಿಸಿದರು.

“ನೆಲ ಇಳಿಸಿದ್ರೆ ನನ್ ಕುರ್ಚಿ ಎಲ್ಲಿಡ್ಲಿ? ನಿಮ್ ತಲೆ ಮೇಲಾ? ಮೇಲೆ ಏನ್ ಬೇಕಾದ್ರೂ ಮಾಡ್ಕೊಳ್ಳಿ, ನನ್ ಹಜಾರದ ಸೂರಿಗೆ ಕೈ ಹಾಕ್ಬೇಡಿ.”

ಹಾಗಾಗಿ ಮೇಲೇರಿಸುವುದೇ ಎಂದಾಯಿತು. ಅಡ್ಡತೊಲೆಯನ್ನು ಒಂದೂವರೆ ಅಡಿ ಮೇಲೆ ಕಟ್ಟಿದರೆ ಓರೆ ತೊಲೆಗಳ ಕೆಳಭಾಗಕ್ಕೆ ಆಸರೆ ತಪ್ಪಿ ಅವು ಬಾಗತೊಡಗುತ್ತವೆ. ಅದಕ್ಕೆ ಎರಡೂ ಪಕ್ಕ ಹೊಸ ಹಲಗೆ ಸೇರಿಸಿ ಬೋಲ್ಟ್ ಹಾಕಬೇಕು. ಲೆಕ್ಕವನ್ನು ಮೂರು ಸಲ ಮಾಡಿದೆ. ಒಂದು ಸಲಕ್ಕೆ ಒಂದೇ ಟ್ರಸ್; ಮೇಲಿನ ಹೊಸ ತೊಲೆ ಕೂತು ಬೋಲ್ಟ್ ಬಿಗಿಯುವವರೆಗೆ ಕೆಳಗಿನ ಹಳೆಯದನ್ನು ಮುಟ್ಟುವಂತಿಲ್ಲ. ನಕ್ಷೆಯಲ್ಲಿ ಇದನ್ನು ಬರೆದಿದ್ದೆ, ಇಂಗ್ಲಿಷಿನಲ್ಲಿ. ಆಚಾರ್ರು ನಕ್ಷೆಯ ಗೆರೆಗಳನ್ನು ನನಗಿಂತ ಚೆನ್ನಾಗಿ ಓದುತ್ತಿದ್ದರು. ಅಕ್ಷರಗಳನ್ನು ಓದುತ್ತಿರಲಿಲ್ಲ.

ಮೊದಲನೇ ಟ್ರಸ್ ಆರು ದಿನ ಹಿಡಿಯಿತು, ಸರಿಯಾಗಿ ಕೂತಿತು. ನಾನು ಆರೂ ದಿನ ಅಲ್ಲೇ ಇದ್ದೆ. ಹಳೆಯ ತೊಲೆ ಕೊಯ್ಯುವಾಗ ಆಚಾರ್ರು ಗರಗಸ ನಿಲ್ಲಿಸಿ ನಿಲ್ಲಿಸಿ ಕಿವಿಗೊಟ್ಟರು. “ಇದು ಈಗ ಸುಮ್ನಿದೆ ಸಾರ್, ಎಳೀತಾ ಇಲ್ಲ,” ಎಂದ ಮೇಲೆಯೇ ಪೂರ್ತಿ ಕೊಯ್ದರು.

ಎರಡನೆಯದು ಬೊದ್ದು ಹಿಡಿದದ್ದು. ಅದರ ಅಡ್ಡತೊಲೆಯ ಕೆಳಗೆ, ಹಿಂದೆ ಯಾರೋ ಟ್ಯೂಬ್‌ಲೈಟಿನ ವೈರು ಮುಚ್ಚಲು ಉದ್ದಕ್ಕೂ ಪ್ಲೈವುಡ್ ಪೆಟ್ಟಿಗೆ ಹೊಡೆದಿದ್ದರು. ಅದನ್ನು ಕಳಚಿದರೆ ಮಾತ್ರ ತುದಿ ಎಷ್ಟು ಕೆಟ್ಟಿದೆಯೆಂದು ನೋಡಬಹುದಿತ್ತು. ಅಂದು ಬೆಳಿಗ್ಗೆ ನಾನು ಕೆಂಗೇರಿ ಉಪನಗರದಲ್ಲಿ ಇನ್ನೊಂದು ಕೆಲಸ ನೋಡಿಕೊಂಡು ಬರುವುದಿತ್ತು. ಅಲ್ಲಿಂದ ಹೊರಟು ಮೈಸೂರು ರಸ್ತೆಯಲ್ಲಿ ಸಿಕ್ಕಿಹಾಕಿಕೊಂಡೆ. ಹನ್ನೊಂದು ಗಂಟೆಯ ನಂತರ ಫೋನ್ ಮಾಡಿದೆ. ಕರೆ ಒಂದು ನಿಮಿಷವೂ ಇರಲಿಲ್ಲ. ಫೋನಿನಲ್ಲಿ ಅಷ್ಟು ದಾಖಲಾಗಿದೆ. ಮಾತುಗಳು ಹೀಗಿದ್ದವು ಎಂದು ನನ್ನ ನೆನಪು:

“ಆಚಾರ್ರೇ, ಬರೋದು ಲೇಟಾಗುತ್ತೆ. ಅಷ್ಟರಲ್ಲಿ ಎರಡನೇದು ತೆಗೆದಿಡಿ, ಬಂದು ನೋಡ್ತೀನಿ.”

“ತೆಗೆದಿಡ್ಲಾ ಸಾರ್? ಕೆಳಗಡೇದಾ?”

“ಹೂಂ, ಕೆಳಗಡೇದೇ. ತೆಗೆದಿಡಿ.”

ನಾನು ಹೇಳಿದ್ದು ಕೆಳಗಡೆಯ ಪ್ಲೈವುಡ್. ಅವರು ಕೇಳಿದ್ದು ಕೆಳಗಡೆಯ ತೊಲೆ. ತುದಿ ಕಾಣುವಂತೆ ತೆರೆದಿಡಿ ಎಂಬುದು ನನ್ನ ಅರ್ಥ. ಬಾಗಿಲು ತೆಗೆ ಎಂದರೆ ಬಾಗಿಲು ಅಲ್ಲೇ ಇರುತ್ತದೆ. ಮೊಳೆ ತೆಗೆ ಎಂದರೆ ಮೊಳೆ ಇರುವುದಿಲ್ಲ. ಹುಟ್ಟಿದಂದಿನಿಂದ ಆಡುತ್ತ ಬಂದ ಮಾತಿನಲ್ಲಿ ಇಂಥದೊಂದು ಬಿರುಕಿದೆಯೆಂದು ನನಗೆ ಅದುವರೆಗೆ ಹೊಳೆದಿರಲಿಲ್ಲ. ಪ್ಲೈವುಡ್ ಎಂಬ ಪದವನ್ನು ನಾನು ಬಳಸಿದೆನೇ ಎಂದು ಸಾವಿರ ಸಲ ಕೇಳಿಕೊಂಡಿದ್ದೇನೆ. ಕೆಲವು ದಿನ ಬಳಸಿದೆ ಎನ್ನಿಸುತ್ತದೆ. ಹಾಗೆ ಅನ್ನಿಸುವುದು ನನಗೆ ಅನುಕೂಲವಾಗುವ ದಿನಗಳಲ್ಲೇ, ಅದಕ್ಕೇ ನಂಬುವುದಿಲ್ಲ.

ಆಚಾರ್ರು ತೊಲೆಯ ಕೆಳಗೆ ಎರಡು ಕಬ್ಬಿಣದ ಜಾಕಿ ನಿಲ್ಲಿಸಿ ಪಡುವಣ ತುದಿಯ ಹತ್ತಿರ ಕೊಯ್ದರು. ಜಾಕಿ ಭಾರ ಹೊರುತ್ತದೆ. ಕಾಲು ಅಗಲುವುದನ್ನು ತಡೆಯುವುದಿಲ್ಲ. ಗರಗಸ ಮುಕ್ಕಾಲು ಇಳಿಯುವಷ್ಟರಲ್ಲಿ ಉಳಿದ ಮರ ತಾನೇ ಹರಿಯಿತು. ಓರೆ ತೊಲೆಗಳು ಅಗಲಿದವು, ಟ್ರಸ್‌ನ ನೆತ್ತಿಯಿಂದ ಇಳಿದ ನಡುವಿನ ಮರದ ಕಂಬ ತೊಲೆಯನ್ನು ಕೆಳಕ್ಕೆ ಒತ್ತಿತು, ಒಂದು ಜಾಕಿ ಚಿಮ್ಮಿತು. ತೊಲೆ ಬೀಳದಿರಲೆಂದು ಹಿಡಿದಿದ್ದ ಅವರ ಬಲಗೈ ತೊಲೆಗೂ ಇನ್ನೊಂದು ಜಾಕಿಗೂ ನಡುವೆ ಸಿಕ್ಕಿಕೊಂಡಿತು. ನಲವತ್ತೋ ಐವತ್ತೋ ಹೆಂಚು ಉದುರಿದವು. ಹೆಂಗಸರೆಲ್ಲ ಊಟಕ್ಕೆ ಕೆಳಗಿಳಿದಿದ್ದರು. ಇದಿಷ್ಟೂ ಬೇರೆಯವರು ಹೇಳಿದ್ದು. ನಾನು ಬಂದಾಗ ಅಟ್ಟದ ಮೇಲೆ ಆಕಾಶ ಕಾಣುತ್ತಿತ್ತು, ಅರ್ಧ ಹೊಲಿದ ಬಿಳಿ ಷರಟುಗಳ ಮೇಲೆ ಕೆಂಪು ಹೆಂಚಿನ ಪುಡಿ ಕೂತಿತ್ತು.

ವಿಜಯನಗರದ ಆಸ್ಪತ್ರೆಯೊಂದರಲ್ಲಿ ಕೈಗೆ ಕಟ್ಟು ಹಾಕಿ ಹೊರಗಿನ ಬೆಂಚಿನಲ್ಲಿ ಕೂರಿಸಿದ್ದರು. ಮೂರು ಬೆರಳು ಇನ್ನು ಮಡಚುವುದಿಲ್ಲ ಎಂದು ವೈದ್ಯರು ಆಗಲೇ ಹೇಳಿದ್ದರು. ಮಗಳು ಪಕ್ಕದಲ್ಲಿ ನಿಂತಿದ್ದರು. ಮಾಲೀಕರು ಬಂದವರೇ ಕೇಳಿದರು:

“ಅದನ್ನ ಕೊಯ್ಯಿ ಅಂತ ಹೇಳಿದ್ಯಾರು?”

ಎಲ್ಲರೂ ನನ್ನತ್ತ ನೋಡಿದರು. ನಾನು ಬಾಯಿ ತೆರೆದೆ. ಏನು ಹೇಳಲು ಹೊರಟಿದ್ದೆ ಎಂಬುದು ನನಗೆ ಚೆನ್ನಾಗಿ ನೆನಪಿದೆ, ಇದೊಂದನ್ನು ನಾನು ಸಂದೇಹಿಸುವುದಿಲ್ಲ: ನಾನು ಹಾಗೆ ಹೇಳಲಿಲ್ಲ ಎನ್ನಲು ಹೊರಟಿದ್ದೆ. ಅಷ್ಟರಲ್ಲಿ ಆಚಾರ್ರು ಎಡಗೈಯಿಂದ ಕಿವಿ ಮುಟ್ಟಿಕೊಂಡರು.

“ಸಾರ್ ಸರಿಯಾಗೇ ಹೇಳಿದ್ರು. ಕಿವಿ ಮಂದ ಆಗಿದೆ ನಂಗೆ. ಫೋನಲ್ಲಿ ಏನೋ ಕೇಳಿಸ್ತು, ಏನೋ ಮಾಡ್ದೆ.”

“ಏನಮ್ಮಾ, ಕಿವಿ ಕೇಳದೋರ್ನ ಏಣಿ ಹತ್ತಿಸ್ತೀರಲ್ಲ! ಯಾರಾದ್ರೂ ಸತ್ತಿದ್ರೆ?” ಮಾಲೀಕರು ಮಗಳ ಮೇಲೆ ತಿರುಗಿದರು.

“ನಂಗೂ ಹೇಳಿಲ್ಲ ಅಂಕಲ್ ಇವ್ರು,” ಎಂದ ಮಗಳು ತಂದೆಯ ಕಿವಿಯ ಹತ್ತಿರ ಬಗ್ಗಿ ಜೋರಾಗಿ ಕೇಳಿದರು: “ಯಾಕಪ್ಪಾ ಹೇಳ್ಲಿಲ್ಲ? ಯಾವಾಗ್ಲಿಂದ ಹೀಗೆ?”

ಬೆಂಚಿನ ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಆಚಾರ್ರು ತಲೆ ತಗ್ಗಿಸಿದರು. ಒಳಗೇ ಉಳಿದ ಸದ್ದನ್ನು ಬೆರಳ ಗೆಣ್ಣಿನಿಂದ ಹಿಡಿದಿದ್ದ ಕಿವಿ ಅದು. ನನಗೆ ಗೊತ್ತಿತ್ತು, ಸುಮ್ಮನಿದ್ದೆ.

ಮುಂದಿನ ಕೆಲಸವನ್ನು ಒಬ್ಬ ಎಂಜಿನಿಯರ್ ಮಾಡಬೇಕಾದ ಹಾಗೆಯೇ ಮಾಡಿದೆ. ರಾಜಾಜಿನಗರದ ವರ್ಕ್‌ಶಾಪೊಂದರಲ್ಲಿ ಎರಡು ಕಬ್ಬಿಣದ ಸಲಾಕೆ ಮಾಡಿಸಿ, ತೊಲೆಯ ಎರಡು ಪಕ್ಕದಲ್ಲಿ ಓರೆ ತೊಲೆಗಳ ಪಾದಕ್ಕೆ ಕಟ್ಟಿಸಿದೆ. ಸಲಾಕೆಯ ನಡುವೆ ತಿರುಗಿಸಿದರೆ ಬಿಗಿಯಾಗುವ ತಿರುಪು. ಒಂದು ಸಲಕ್ಕೆ ಕಾಲು ಸುತ್ತು. ನಂತರ ಅರ್ಧ ಗಂಟೆ ಕಾದು, ಗೋಡೆಗೆ ತೂಕದ ಗುಂಡು ಬಿಟ್ಟು ನೋಡಿ, ಮತ್ತೆ ಕಾಲು ಸುತ್ತು. ಹೊರಕ್ಕೆ ವಾಲಿದ್ದ ಗೋಡೆ ಎರಡು ದಿನದಲ್ಲಿ ಅರ್ಧ ಇಂಚು ಹಿಂದಕ್ಕೆ ಬಂತು. ಉಳಿದ ಕಾಲು ಇಂಚು ಬರಲೇ ಇಲ್ಲ.

ಆ ಅರ್ಧ ಗಂಟೆಗಳಲ್ಲೊಮ್ಮೆ ಕೂರಲು ಜಾಗವಿಲ್ಲದೆ ಒಂದು ಹೊಲಿಗೆ ಮೆಷಿನ್ನಿನ ಮುಂದಿನ ಸ್ಟೂಲಿನ ಮೇಲೆ ಕೂತೆ. ಕೂತು ಮೇಲೆ ನೋಡಿದೆ. ಇನ್ನೂ ಮುಟ್ಟದ ಮೂರನೇ ಅಡ್ಡತೊಲೆ ನನ್ನ ತಲೆಗಿಂತ ಒಂದಡಿಗೂ ಮೇಲಿತ್ತು, ಯಾರಿಗೂ ಅಡ್ಡಿಯಿರಲಿಲ್ಲ. ದಿನವಿಡೀ ಕೂತು ಕೆಲಸ ಮಾಡುವವರಿಗಾಗಿ ನಾನು ಇಡೀ ಚಾವಣಿಯ ಕಟ್ಟು ಬದಲಿಸಲು ಹೊರಟಿದ್ದೆ. ಎತ್ತರ ಬೇಕಾಗಿದ್ದುದು ನಡೆಯುವ ದಾರಿಗೆ ಮಾತ್ರ. ದಾರಿ ಇದ್ದದ್ದು ನಟ್ಟನಡುವೆ, ಕೆಳಗಿನ ಎರಡು ಸಾಲು ಕಲ್ಲುಕಂಬಗಳ ನೇರಕ್ಕೆ. ಆ ನಾಲ್ಕು ಅಡಿಯ ಪಟ್ಟಿಯಲ್ಲಿ ನೆಲದ ತೊಲೆಗಳು ಗಿಡ್ಡನೆಯವು, ಬೇರೆಯವಕ್ಕೆ ಸೇರದವು, ಅವನ್ನಷ್ಟೇ ಇಳಿಸಬಹುದು. ಅದರಡಿ ಮಾಲೀಕರು ಕುರ್ಚಿ ಒಟ್ಟುತ್ತಿರಲಿಲ್ಲ, ಅದು ಅವರಿಗೂ ಓಡಾಡುವ ದಾರಿಯೇ.

ಕೇಳಿದಾಗ ಮಾಲೀಕರು ಮೇಲೆ ಕೆಳಗೆ ಎರಡು ಸಲ ನೋಡಿದರು. “ಇಷ್ಟೇನಾ? ಇದನ್ನ ಮೊದ್ಲೇ ಹೇಳೋಕೇನಾಗಿತ್ತು ನಿಮ್ಗೆ?”

ಏನಾಗಿತ್ತೆಂದು ನನಗೂ ಗೊತ್ತಿಲ್ಲ. ನೋಟ್‌ಬುಕ್ಕಿನ ಮೊದಲ ದಿನದ ಪುಟದ ಮೂಲೆಯಲ್ಲಿ ನನ್ನದೇ ಅಕ್ಷರದಲ್ಲಿ “ನಡು ನೆಲ?” ಎಂದಿದೆ. ನಾನೇ ಯೋಚಿಸಿ ಬರೆದದ್ದೋ, ಆಚಾರ್ರು ಹೇಳಿದ್ದನ್ನು ಗೀಚಿಕೊಂಡದ್ದೋ ನೆನಪಿಲ್ಲ. ಅವರು ಹೇಳಿದ್ದೇ ಇರಬೇಕು. ಆ ಎರಡು ಪದಗಳ ಕೆಳಗೆ ಓರೆ ತೊಲೆಯ ಲೆಕ್ಕ ಪುಟ ತುಂಬ ಹರಡಿಕೊಂಡಿದೆ.

ನಡುವಿನ ಪಟ್ಟಿಯನ್ನು ಒಂದೂವರೆ ಅಡಿ ಇಳಿಸಿದೆವು. ಆರ್‌ಪಿಸಿ ಲೇಔಟ್‌ನ ಇನ್ನೊಬ್ಬ ಬಡಗಿ ಮಾಡಿದರು. ಆಚಾರ್ರು ಕೈಗೆ ಜೋಲಿ ಕಟ್ಟಿಕೊಂಡು ಮೂಲೆಯಲ್ಲಿ ಕೂತಿರುತ್ತಿದ್ದರು. ಹೊಸ ಬಡಗಿ ಹೊಸ ತೊಲೆಗೆ ತಟ್ಟಿದಾಗಲೆಲ್ಲ ಅವರ ತಲೆ ಒಂದು ಕ್ಷಣ ಆ ಕಡೆ ವಾಲುತ್ತಿತ್ತು, ತಕ್ಷಣ ನೆಟ್ಟಗಾಗುತ್ತಿತ್ತು. ತಪಾಸಣೆಯವರು ಬಂದು ಅಳೆದಾಗ ಆರು ಅಡಿ ಎಂಟು ಇಂಚು. ಆರ್ಡರ್ ಬಂತು. ಎರಡೂ ಪಕ್ಕದ ಎತ್ತರದ ಅಂಚು ಜಗಲಿಯ ಹಾಗಾಗಿ, ಹೆಂಗಸರು ಅಲ್ಲೇ ಕಾಲು ಇಳಿಬಿಟ್ಟು ಊಟ ಮಾಡತೊಡಗಿದರು.

ಅಲ್ಲಿಗೆ ನನ್ನ ಕೆಲಸ ಮುಗಿಯಿತು. ಆದರೂ ಹೋಗುತ್ತಿದ್ದೆ; ಗೋಡೆ ನೋಡಲು ಎನ್ನುತ್ತಿದ್ದೆ. ಮಗಳು ತಂದೆಗೆ ಗರಗಸ ಮುಟ್ಟಲು ಬಿಡುತ್ತಿರಲಿಲ್ಲ. ಕೈಯ ಕಾರಣಕ್ಕಲ್ಲ. ಎಡಗೈಯಲ್ಲಿ ಸಣ್ಣಪುಟ್ಟ ಕೆಲಸ ಮಾಡಬಲ್ಲೆ, ಮಣೆ ಸ್ಟೂಲು ಮಾಡಿಕೊಡ್ತೀನಿ ಎಂದು ಅವರು ಕೇಳಿದ್ದರಂತೆ. “ಕಿವಿ ಕೇಳಲ್ಲ, ಹಿಂದೆ ಯಾರಾದ್ರೂ ಬಂದ್ರೂ ಗೊತ್ತಾಗಲ್ಲ ಸಾರ್. ಇನ್ನೊಂದ್ ಕೈನೂ ಹೋದ್ರೆ?” ಎಂದರು ಮಗಳು. ಮೊದಲ ಆರ್ಡರಿನ ಹಣದಲ್ಲಿ ಆಕೆ ತಂದೆಗೆ ಕಿವಿಯ ಮೆಷಿನ್ ಕೊಡಿಸಿದ್ದರು. ಅದು ಅವರ ಬಲಗಿವಿಯ ಹಿಂದೆ ಕೂತಿರುತ್ತಿತ್ತು.

ಒಂದು ಮಧ್ಯಾಹ್ನ ಮಗಳು ಬಟ್ಟೆ ಇಳಿಸಿಕೊಳ್ಳಲು ಕೆಳಗೆ ಹೋಗಿದ್ದಾಗ ನಾನು ಅವರ ಪಕ್ಕ ಕೂತೆ.

“ಆಚಾರ್ರೇ, ಮಗಳಿಗೆ ನಿಜ ಹೇಳಿಬಿಡ್ತೀನಿ. ನಿಮಗೆ ಕೇಳಿಸಿತ್ತು. ನಾನು ಹೇಳಿದ್ದೇ ಸರಿಯಿರಲಿಲ್ಲ.”

ಅವರು ಕಿವಿಯ ಮೆಷಿನ್ ತೆಗೆದು ಅಂಗೈಯಲ್ಲಿ ಹಿಡಿದುಕೊಂಡರು. “ಇದು ಹಾಕ್ಕೊಂಡ್ರೆ ಕೆರಕೆರ ಅನ್ನುತ್ತೆ, ಮಾತೇ ತಿಳಿಯಲ್ಲ,” ಎಂದರು. ಆಮೇಲೆ ಮೆಲ್ಲಗೆ: “ಹೇಳ್ಬೇಡಿ ಸಾರ್.”

“ಯಾಕೆ? ತಪ್ಪು ನಂದು.”

“ನಿಮ್ದು ಮಾತಿನ ತಪ್ಪು. ಗರಗಸ ಇಟ್ಟಾಗ್ಲೇ ಅದು ಎಳೀತಾ ಇರೋದು ನಂಗೆ ಕೇಳಿಸ್ತು ಸಾರ್. ಮರ ಕಿರ್ ಅಂತಿತ್ತು. ಕೊಯ್ಯಬಾರ್ದು ಅಂತ ಗೊತ್ತಿತ್ತು. ಓದಿದೋರು ಹೇಳಿದಾರೆ, ಏನೋ ಲೆಕ್ಕ ಇರುತ್ತೆ ಅಂತ ಕೊಯ್ದೆ. ಐವತ್ ವರ್ಷ ಉಳಿ ಹಿಡ್ದೋನು, ಗೊತ್ತಿದ್ದೂ ಕೊಯ್ದ ಅಂತ ಮಗಳಿಗೆ ಗೊತ್ತಾಗೋದು ಬೇಡ. ಕಿವುಡ ಅಂತ್ಲೇ ಅಂದ್ಕೊಳ್ಳಲಿ ಅವ್ಳು. ವಯಸ್ಸಾದ್ಮೇಲೆ ಕಿವಿ ಹೋಗೋದು ಮರ್ಯಾದೆ ಹೋಗೋ ವಿಷ್ಯ ಅಲ್ಲ.”

ಮೆಟ್ಟಿಲಿನಲ್ಲಿ ಹೆಜ್ಜೆ ಸದ್ದಾಯಿತು. ನನಗಿಂತ ಮೊದಲು ಅದು ಅವರಿಗೆ ಕೇಳಿಸಿತು. ಮೆಟ್ಟಿಲಿನ ಕೊನೆಯಲ್ಲಿ ಮಗಳ ತಲೆ ಕಾಣುವ ಹೊತ್ತಿಗೆ ಮೆಷಿನ್ ಮತ್ತೆ ಕಿವಿಯ ಹಿಂದಿತ್ತು.

ಆಗಲಿ ಎಂದೆ, ಹಾಗೇ ನಡೆದುಕೊಂಡೆ. ಅದು ಅವರಿಗೆ ಕೊಟ್ಟ ಮಾತೆಂದು ನನಗೆ ನಾನೇ ಹೇಳಿಕೊಂಡೆ. ನನಗದು ಎಷ್ಟು ಹಿತವಾಗಿತ್ತು ಎಂಬುದನ್ನೂ ಗಮನಿಸುತ್ತಿದ್ದೆ.

ಹೋದ ವರ್ಷ ಆಚಾರ್ರು ತೀರಿಕೊಂಡರು. ಜ್ವರವೆಂದು ಆಸ್ಪತ್ರೆಗೆ ಸೇರಿಸಿದ್ದರು. ಅದು ಎದೆಗಿಳಿದು ಐದನೇ ದಿನಕ್ಕೆ ಹೋದರು. ನನಗೆ ತಿಳಿಯುವಾಗ ಕಾರ್ಯವೆಲ್ಲ ಮುಗಿದಿತ್ತು. ಅಟ್ಟಕ್ಕೆ ಹೋದೆ. ಮೆಷಿನ್ನುಗಳು ಓಡುತ್ತಿದ್ದವು. ಮಗಳು ಎತ್ತರದ ಅಂಚಿನಲ್ಲಿ ಕೂತು ಗುಂಡಿ ಹಾಕುತ್ತಿದ್ದರು. ನನ್ನನ್ನು ಪಕ್ಕದಲ್ಲಿ ಕೂರಲು ಹೇಳಿದರು. ಹೇಳಬೇಕೆಂದು ನಿರ್ಧರಿಸಿ ಹೋಗಿರಲಿಲ್ಲ. ಕೂತ ಮೇಲೆ ಹೇಳಿದೆ. ಫೋನಿನ ಮಾತು, ತೆಗೆದಿಡಿ ಎಂದದ್ದು, ಅವರು ಎರಡನೇ ಸಲ ಕೇಳಿ ಖಚಿತ ಮಾಡಿಕೊಂಡದ್ದು, ಆಸ್ಪತ್ರೆಯ ಬೆಂಚಿನಲ್ಲಿ ನಾನು ಸುಮ್ಮನಿದ್ದದ್ದು. ಅವರ ಕಿವಿ ಚೆನ್ನಾಗಿತ್ತು ಎಂದೆ.

ಆಕೆ ಸೂಜಿ ನಿಲ್ಲಿಸಿದರು. “ಹಾಗಾದ್ರೆ ಕೊಯ್ಯಬಾರ್ದು ಅಂತ ಅಪ್ಪಂಗೆ ಗೊತ್ತಿತ್ತಾ?”

ಅವರು ಬೇಡವೆಂದದ್ದು ಇದನ್ನೇ. ಇಲ್ಲ ಎನ್ನಬಹುದಿತ್ತು. ಇನ್ನೊಂದು ಸುಳ್ಳಿನ ಮೇಲೆ ಅವರನ್ನು ನಿಲ್ಲಿಸಲು ನನಗೆ ಮನಸ್ಸಾಗಲಿಲ್ಲ.

“ಗೊತ್ತಿತ್ತು. ನನ್ನ ಓದಿಗೆ ಬೆಲೆ ಕೊಟ್ಟು ಕೊಯ್ದರು.”

ಬೈಯುತ್ತಾರೆಂದು ಕಾದೆ. ಆಕೆ ಬೈಯಲಿಲ್ಲ, ಅಳಲಿಲ್ಲ. ತೊಡೆಯ ಮೇಲಿನ ಷರಟನ್ನು ಒಮ್ಮೆ ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. ಆಮೇಲೆ ಮಾತಾಡಿದಾಗ ದನಿ ಎಷ್ಟು ಸಣ್ಣದಾಗಿತ್ತೆಂದರೆ, ಮೆಷಿನ್ನುಗಳ ಸದ್ದಿನಲ್ಲಿ ನಾನು ಬಗ್ಗಿ ಕೇಳಬೇಕಾಯಿತು.

“ಮೂರು ವರ್ಷ ನಾನು ಅವ್ರ ಹತ್ರ ಕೂಗ್ಕೊಂಡೇ ಮಾತಾಡಿದೀನಿ ಸಾರ್. ಊಟಕ್ಕೆ ಬಾ ಅಂತ ಕೂಗಿ, ಮಾತ್ರೆ ತಗೊಂಡ್ಯಾ ಅಂತ ಕೂಗಿ. ಬೀದಿಯೋರೆಲ್ಲ ನಗೋರು. ಆಸ್ಪತ್ರೇಲಿ ಕೊನೇ ದಿನಾನೂ, ಕಿವಿ ಹತ್ರ ಬಾಯಿಟ್ಟು, ‘ಅಪ್ಪಾ, ನಾನಿಲ್ಲೇ ಇದೀನಿ’ ಅಂತ ಅಷ್ಟು ಜೋರಾಗಿ ಕೂಗ್ದೆ, ನರ್ಸಮ್ಮ ಬಂದು ಬೈದ್ರು.” ಆಕೆ ಷರಟನ್ನು ಪಕ್ಕಕ್ಕಿಟ್ಟರು. “ಮೆತ್ತಗೆ ಹೇಳಿದ್ರೂ ಕೇಳಿಸ್ತಿತ್ತು, ಅಲ್ವಾ?”